ಬೊಮ್ಮಾಯಿ ಗೆದ್ದಾಗ ಸರ್ಕಾರ ಎಲ್ಲಿತ್ತು?

ಫಸ್ಟ್ ಇಯರ್‌ನಲ್ಲಿ ನಾವು ಓದೋ ಸಂವಿಧಾನದ ಪೇಪರ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಅಂದ್ರೆ ಒಂದು ಮಾರ್ಕು. ಬೊಮ್ಮಾಯಿ ಪ್ರಕರಣ ಯಾವ ವಿಧಿಗೆ ಸಂಬಂಧಿಸಿದೆ? ನಾಲ್ಕು ಆಪ್ಷನ್ ಇರುತ್ತೆ, 356ಕ್ಕೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗ್ತೀವಿ. ಈ ಬೊಮ್ಮಾಯಿ ನಮ್ಮ ರಾಜ್ಯದ ಮುಖ್ಯಮಂತ್ರಿ ಆಗಿದ್ದವರು, ಕೇಸು ಶುರುವಾಗಿದ್ದು ಬೆಂಗಳೂರಿನಲ್ಲಿ, ವಜಾ ಆಗಿದ್ದು ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ ಇಲ್ಲಿನ ಜನ ಆರಿಸಿದ್ದ ಸರ್ಕಾರ ಅನ್ನೋದೆಲ್ಲ ಗೊತ್ತಾಗಬೇಕು ಅಂದ್ರೆ ಗೈಡ್ ಮುಚ್ಚಿಟ್ಟು ಬೇರೆ ಏನಾದರೂ ಓದಬೇಕು.

ತೀರ್ಪಿನ ಹೆಸರು ಗೊತ್ತಿರೋರು ಕೂಡ ಗಮನಿಸದ ಒಂದು ವಿಷಯ ಇದೆ. ಬೊಮ್ಮಾಯಿ ಆ ಕೇಸನ್ನು ಗೆದ್ದರು. ಅವರ ಸರ್ಕಾರವನ್ನು ತೆಗೆದಿದ್ದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಗೆದ್ದ ದಿನ ಅವರಿಗೆ ವಾಪಸ್ ಕೊಡೋಕೆ ಏನೂ ಉಳಿದಿರಲಿಲ್ಲ. ನಮ್ಮ ಸಂವಿಧಾನ ರಾಜ್ಯಗಳಿಗೆ ಸಾಕಷ್ಟು ಹಕ್ಕು ಕೊಟ್ಟಿದೆ, ಆ ಹಕ್ಕನ್ನು ತಡೆಹಿಡಿಯಬಲ್ಲವರ ಮುಂದೆ ಮಾತ್ರ ಗಡಿಯಾರ ಇಟ್ಟಿಲ್ಲ. ಅದನ್ನು ಇಡಬೇಕು ಅನ್ನೋದು ನನ್ನ ವಾದ.

1989ರ ಏಪ್ರಿಲ್ ತಿಂಗಳಿನ ಒಂದು ವಾರವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹಿನ್ನೆಲೆ ಇಷ್ಟು: 1985ರ ಚುನಾವಣೆಯಲ್ಲಿ ಜನತಾ ಪಕ್ಷ 224ರಲ್ಲಿ 139 ಸೀಟು ಗೆದ್ದಿತ್ತು. ಟೆಲಿಫೋನ್ ಕದ್ದಾಲಿಕೆ ಗಲಾಟೆಯಲ್ಲಿ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು, ಅವರ ಜಾಗಕ್ಕೆ ಬೊಮ್ಮಾಯಿ ಬಂದರು. ಪಕ್ಷದೊಳಗೆ ಜಗಳ ನಿಂತಿರಲಿಲ್ಲ. 1989ರ ಏಪ್ರಿಲ್ 15ರಂದು ಸಂಪುಟಕ್ಕೆ 13 ಜನ ಹೊಸಬರನ್ನು ಸೇರಿಸಿಕೊಂಡರು. ಮಂತ್ರಿ ಸ್ಥಾನ ಸಿಗದವರು ಮುನಿಸಿಕೊಂಡರು, ಅದು ಎಲ್ಲ ಕಾಲದಲ್ಲೂ ಆಗೋದೇ.

ಎರಡು ಮೂರು ದಿನದಲ್ಲೇ ಆಡಳಿತ ಪಕ್ಷದ ಶಾಸಕರೊಬ್ಬರು ರಾಜಭವನಕ್ಕೆ ಹೋಗಿ 19 ಪತ್ರಗಳ ಒಂದು ಕಟ್ಟು ಕೊಟ್ಟರು. ಇಷ್ಟು ಜನ ಶಾಸಕರು ಸರ್ಕಾರಕ್ಕೆ ಕೊಟ್ಟ ಬೆಂಬಲ ವಾಪಸ್ ತಗೊಂಡಿದ್ದಾರೆ ಅಂತ. ಆಗಿನ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರು ಆ ಸಹಿಗಳು ಸರಿಯಾಗಿವೆಯಾ ಅಂತ ವಿಧಾನಮಂಡಲದ ಕಾರ್ಯದರ್ಶಿಯಿಂದ ಪರಿಶೀಲನೆ ಮಾಡಿಸಿದರು. ಸಹಿ ಹೊಂದುತ್ತವೆ ಅಂತ ಉತ್ತರ ಬಂತು. ಏಪ್ರಿಲ್ 19ಕ್ಕೆ ರಾಷ್ಟ್ರಪತಿಗಳಿಗೆ ವರದಿ ಹೋಯಿತು: ಬೊಮ್ಮಾಯಿಗೆ ಬಹುಮತ ಇಲ್ಲ, ಬೇರೆ ಯಾರೂ ಸರ್ಕಾರ ಮಾಡೋ ಸ್ಥಿತಿಯಲ್ಲಿಲ್ಲ, 356 ಹೇರಬಹುದು.

ಮರುದಿನ, ಏಪ್ರಿಲ್ 20. ಆ 19 ಜನರಲ್ಲಿ 7 ಜನ ರಾಜ್ಯಪಾಲರಿಗೆ ಬೇರೆ ಪತ್ರ ಬರೆದರು. ನಮಗೆ ತಪ್ಪು ಮಾಹಿತಿ ಕೊಟ್ಟು ಸಹಿ ಹಾಕಿಸಿಕೊಂಡಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೀವಿ ಅಂತ. ಅದೇ ದಿನ ಬೊಮ್ಮಾಯಿ ತಮ್ಮ ಕಾನೂನು ಮಂತ್ರಿಯನ್ನು ಕರ್ಕೊಂಡು ರಾಜಭವನಕ್ಕೆ ಹೋದರು. ಅಧಿವೇಶನ ಹೇಗೂ ಏಪ್ರಿಲ್ 27ಕ್ಕೆ ಕರೆದಿದೆ, ಬೇಕಿದ್ರೆ ಇನ್ನೂ ಮುಂಚೆ ಕರೀತೀನಿ, ಸದನದಲ್ಲೇ ಬಹುಮತ ತೋರಿಸ್ತೀನಿ ಅಂದರು. ರಾಜ್ಯಪಾಲರು ಅದೇ ದಿನ ಇನ್ನೊಂದು ವರದಿ ಕಳಿಸಿದರು. ಶಾಸಕರ ಮೇಲೆ ಒತ್ತಡ ಬರ್ತಿದೆ, ನನ್ನ ಮೊದಲಿನ ಅಭಿಪ್ರಾಯ ಬದಲಾಗಿಲ್ಲ ಅನ್ನೋದು ಅದರ ಸಾರ. ಏಪ್ರಿಲ್ 21ಕ್ಕೆ ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯೂ ಆಯಿತು. ದೆಹಲಿಯಲ್ಲಿ ಆಗ ಇದ್ದದ್ದು ರಾಜೀವ್ ಗಾಂಧಿಯವರ ಕಾಂಗ್ರೆಸ್ ಸರ್ಕಾರ.

ಬಹುಮತ ಇದೆಯೋ ಇಲ್ವೋ ಅನ್ನೋದು ಎಣಿಸಿ ತಿಳ್ಕೋಬಹುದಾದ ವಿಷಯ. ಎಣಿಸೋ ಜಾಗವೂ ಇತ್ತು, ವಿಧಾನಸೌಧ ಅಂತ ಅದರ ಹೆಸರು, ರಾಜಭವನದಿಂದ ನಡ್ಕೊಂಡೇ ಹೋಗಬಹುದು. ಎಣಿಸೋ ದಿನವೂ ಗೊತ್ತಾಗಿತ್ತು, ಒಂದು ವಾರ ಕಾದರೆ ಸಾಕಿತ್ತು. ಮಲ್ಟಿಮೀಟರ್ ಕೈಯಲ್ಲೇ ಇಟ್ಕೊಂಡು ವೋಲ್ಟೇಜನ್ನು ಅಂದಾಜಿನಲ್ಲಿ ಬರೆದರೆ ಯಾವ ಮೇಷ್ಟ್ರೂ ನಮ್ಮ ರೆಕಾರ್ಡ್‌ಗೆ ಸಹಿ ಹಾಕಲ್ಲ. ಸಹಿ ಹೊಂದುತ್ತಾ ಅಂತ ನೋಡೋದು ಬೇರೆ, ಆ ಮನುಷ್ಯ ಇವತ್ತು ಯಾರ ಕಡೆ ಇದ್ದಾನೆ ಅಂತ ನೋಡೋದು ಬೇರೆ. 19ರಲ್ಲಿ 7 ಜನ ಒಂದೇ ದಿನದಲ್ಲಿ ಮಾತು ಬದಲಿಸಿದ್ರು ಅಂದ್ರೆ ಆ ಪತ್ರಗಳು ಎಷ್ಟು ಗಟ್ಟಿ ಅಂತ ಅವತ್ತೇ ಗೊತ್ತಾಗಬೇಕಿತ್ತು.

ಬೊಮ್ಮಾಯಿ ಹೈಕೋರ್ಟ್‌ಗೆ ಹೋದರು. ಮೂವರು ನ್ಯಾಯಮೂರ್ತಿಗಳ ಪೀಠ ಅರ್ಜಿ ವಜಾ ಮಾಡಿತು. ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟರಲ್ಲಿ 1989ರ ನವೆಂಬರ್‌ನಲ್ಲಿ ಚುನಾವಣೆ ನಡೆದು ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ 178 ಸೀಟು ಗೆದ್ದಿತು. ಪಾಟೀಲರು ಹೋದರು, ಬಂಗಾರಪ್ಪ ಬಂದರು, ಅವರೂ ಹೋದರು, ವೀರಪ್ಪ ಮೊಯ್ಲಿ ಬಂದರು. ದೆಹಲಿಯಲ್ಲಿ ವಿ.ಪಿ. ಸಿಂಗ್, ಚಂದ್ರಶೇಖರ್, ನರಸಿಂಹ ರಾವ್ ಅಂತ ಮೂರು ಪ್ರಧಾನಿಗಳಾದರು. ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದ್ದು 1994ರ ಮಾರ್ಚ್ 11ರಂದು. ಲೆಕ್ಕ ಹಾಕಿ: ಸರ್ಕಾರ ಬಿದ್ದ ದಿನದಿಂದ ಐದು ವರ್ಷಕ್ಕೆ ಸುಮಾರು ಒಂದೂವರೆ ತಿಂಗಳು ಕಮ್ಮಿ. ಒಂದು ವಿಧಾನಸಭೆಯ ಪೂರ್ತಿ ಅವಧಿಯೇ ಐದು ವರ್ಷ. ತೀರ್ಪು ಬಂದಾಗ 1985ರ ಆ ವಿಧಾನಸಭೆಯ ಅವಧಿ, ಅದು ಉಳಿದಿದ್ದರೂ, ಮುಗಿದು ನಾಲ್ಕು ವರ್ಷ ಆಗಿರುತ್ತಿತ್ತು.

ತೀರ್ಪು ಮಾತ್ರ ದೊಡ್ಡದು, ಅದರಲ್ಲಿ ಅನುಮಾನ ಇಲ್ಲ. ಬಹುಮತದ ಪ್ರಶ್ನೆ ಬಂದಾಗ ಅದನ್ನು ತೀರ್ಮಾನ ಮಾಡಬೇಕಾದ ಜಾಗ ಸದನ, ರಾಜ್ಯಪಾಲರ ಮನಸ್ಸಿನ ಅನಿಸಿಕೆ ಸಾಕಾಗಲ್ಲ ಅಂತ ಹೇಳಿತು. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು ಅಂತ ಹೇಳಿತು. ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದು, ವಿಸರ್ಜಿಸುವ ಹಾಗಿಲ್ಲ ಅಂತಲೂ ಹೇಳಿತು. ಘೋಷಣೆ ತಪ್ಪು ಅಂತ ಆದರೆ ಹಳೆಯ ಸರ್ಕಾರವನ್ನು ಮತ್ತೆ ಕೂರಿಸೋ ಅಧಿಕಾರ ಕೋರ್ಟಿಗೆ ಇದೆ ಅಂತಾಯಿತು. ಕರ್ನಾಟಕದ ಜೊತೆ ಮೇಘಾಲಯ, ನಾಗಾಲ್ಯಾಂಡ್ ಸರ್ಕಾರಗಳ ವಜಾ ಕೂಡ ತಪ್ಪು ಅಂತಾಯಿತು. 1992ರ ಡಿಸೆಂಬರ್‌ನಲ್ಲಿ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದ ವಿಷಯದಲ್ಲಿ ಮಾತ್ರ ಜಾತ್ಯತೀತತೆ ಸಂವಿಧಾನದ ಮೂಲ ರಚನೆಗೆ ಸೇರಿದ್ದು ಅನ್ನೋ ಕಾರಣ ಕೊಟ್ಟು ವಜಾವನ್ನು ಎತ್ತಿಹಿಡಿಯಿತು. ಅದರ ಬಗ್ಗೆ ಇನ್ನೊಂದು ಲೇಖನವೇ ಬರೆಯಬಹುದು, ಇಲ್ಲಿ ಬೇಡ.

ಆ ತೀರ್ಪಿನ ಮುಂಚೆ ಏನು ನಡೀತಿತ್ತು ಅನ್ನೋದಕ್ಕೆ ಎರಡು ಮೂರು ಉದಾಹರಣೆ ಸಾಕು. 1959ರಲ್ಲಿ ಕೇರಳದಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರಕ್ಕೆ ಬಹುಮತ ಇದ್ದಾಗಲೇ ತೆಗೆದರು. 1977ರಲ್ಲಿ ಜನತಾ ಸರ್ಕಾರ ಬಂದು ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ಮನೆಗೆ ಕಳಿಸಿತು. 1980ರಲ್ಲಿ ಇಂದಿರಾ ಗಾಂಧಿ ವಾಪಸ್ ಬಂದು ಲೆಕ್ಕ ಸರಿ ಮಾಡೋ ಹಾಗೆ ಒಂಬತ್ತು ರಾಜ್ಯಗಳ ಸರ್ಕಾರ ತೆಗೆದರು. 356 ಪುಸ್ತಕದಲ್ಲೇ ಉಳಿಯಲಿ, ಬಳಕೆಗೆ ಬರದಿರಲಿ ಅಂತ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಆಶಿಸಿದ್ದರು. 1950ರಿಂದ ಇಲ್ಲಿಯ ತನಕ ಅದನ್ನು ನೂರಕ್ಕಿಂತ ಹೆಚ್ಚು ಸಲ ಬಳಸಿದ್ದಾರೆ, ಕರ್ನಾಟಕದಲ್ಲೇ ಆರು ಸಲ. 1994ರ ನಂತರ ಈ ಆಟ ಗಣನೀಯವಾಗಿ ಕಮ್ಮಿ ಆಯಿತು. ಬೊಮ್ಮಾಯಿಗೆ ಸರ್ಕಾರ ಸಿಗಲಿಲ್ಲ, ಬೇರೆಯವರ ಸರ್ಕಾರಗಳು ಉಳಿದವು.

ಇಲ್ಲಿ ಒಂದು ಪದದ ಬಗ್ಗೆ ಹೇಳಬೇಕು. ಸಂವಿಧಾನದ ಮೊದಲನೇ ವಿಧಿಯಲ್ಲೇ ಭಾರತ ರಾಜ್ಯಗಳ ಒಕ್ಕೂಟ ಅಂತ ಇದೆ. ನಾವು ನ್ಯೂಸ್‌ನಲ್ಲಿ ಕೇಳೋದು "ಕೇಂದ್ರ ಸರ್ಕಾರ", ಸಂವಿಧಾನ ಬಳಸೋದು "ಯೂನಿಯನ್" ಅನ್ನೋ ಪದ. ಇತ್ತೀಚೆಗೆ ಕೆಲವರು "ಒಕ್ಕೂಟ ಸರ್ಕಾರ" ಅಂತ ಬರೆಯೋಕೆ ಶುರು ಮಾಡಿದಾಗ ಅದು ಏನೋ ಚಳವಳಿಯ ಭಾಷೆ ಅನ್ನೋ ಹಾಗೆ ಕೆಲವರು ಮೂಗು ಮುರಿದರು. ಆದರೆ ಕಾನೂನಿನ ಪ್ರಕಾರ ಸರಿಯಾದ ಪದ ಅದೇ. ಹಾಗಂತ ಅಂಬೇಡ್ಕರ್ "ಫೆಡರೇಷನ್" ಬಿಟ್ಟು "ಯೂನಿಯನ್" ಅಂತ ಇಟ್ಟಿದ್ದಕ್ಕೂ ಕಾರಣ ಇತ್ತು: ಈ ಒಕ್ಕೂಟ ರಾಜ್ಯಗಳು ತಮ್ಮೊಳಗೆ ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ್ದಲ್ಲ, ಆದ್ದರಿಂದ ಯಾವ ರಾಜ್ಯವೂ ಬಿಟ್ಟು ಹೋಗೋ ಹಾಗಿಲ್ಲ. ಆ ವಾದವನ್ನು ನಾನು ಪೂರ್ತಿ ಒಪ್ತೀನಿ. ಬಿಟ್ಟು ಹೋಗೋ ಹಾಗಿಲ್ಲ ಅಂದಮೇಲೆ ಒಳಗೆ ಇರೋರಿಗೆ ಮರ್ಯಾದೆ ಜಾಸ್ತಿ ಸಿಗಬೇಕು ಅನ್ನೋದು ನನ್ನ ಲೆಕ್ಕ.

2018ಕ್ಕೆ ಬರೋಣ, ಇದು ನಮಗೆಲ್ಲ ಸ್ವಲ್ಪ ನೆನಪಿರೋ ವರ್ಷ. ಮೇ 15ಕ್ಕೆ ಫಲಿತಾಂಶ ಬಂತು. ಚುನಾವಣೆ ನಡೆದ 222 ಸೀಟುಗಳಲ್ಲಿ ಬಿಜೆಪಿಗೆ 104. ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿದರೆ 112 ದಾಟುತ್ತಿತ್ತು. ರಾಜ್ಯಪಾಲ ವಜುಭಾಯಿ ವಾಲಾ ಅವರು ಯಡಿಯೂರಪ್ಪನವರನ್ನು ಕರೆದು ಬಹುಮತ ತೋರಿಸೋಕೆ 15 ದಿನ ಕೊಟ್ಟರು. ಹದಿನೈದು ದಿನ ಯಾಕೆ ಬೇಕು? 104 ಇರೋರಿಗೆ 112 ಆಗಬೇಕು ಅಂದ್ರೆ ಇನ್ನೊಂದು ಕಡೆಯಿಂದ ಜನ ಬರಲೇಬೇಕು, ಅಥವಾ ಇನ್ನೊಂದು ಕಡೆಯವರು ಅವತ್ತು ಸದನಕ್ಕೆ ಬರಬಾರದು. ಶಾಸಕರನ್ನು ಬಸ್ಸಲ್ಲಿ ತುಂಬ್ಕೊಂಡು ರೆಸಾರ್ಟ್‌ಗೆ, ಅಲ್ಲಿಂದ ಹೈದರಾಬಾದ್‌ಗೆ ಕರ್ಕೊಂಡು ಹೋಗಿದ್ದು ಟಿವಿಯಲ್ಲಿ ಲೈವ್ ಬಂತು. ಇನ್ನೊಂದು ಪಕ್ಷ ಮಧ್ಯರಾತ್ರಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಮೇ 17ರ ಬೆಳಗಿನ ಜಾವ ಎರಡು ಗಂಟೆ ಸುಮಾರಿಗೆ ಮೂವರು ನ್ಯಾಯಮೂರ್ತಿಗಳು ಕೂತು ಬೆಳಗಾಗೋ ತನಕ ವಾದ ಕೇಳಿದರು. ಪ್ರಮಾಣವಚನಕ್ಕೆ ತಡೆ ಕೊಡಲಿಲ್ಲ. ಆದರೆ ಮರುದಿನ ಹೇಳಿದರು: 15 ದಿನ ಇಲ್ಲ, ನಾಳೆ ಸಂಜೆ 4 ಗಂಟೆಗೆ ಬಹುಮತ ತೋರಿಸಿ. ಮೇ 19ರಂದು ಯಡಿಯೂರಪ್ಪನವರು ಮತಕ್ಕೆ ಹಾಕೋ ಮುಂಚೆಯೇ ರಾಜೀನಾಮೆ ಕೊಟ್ಟರು.

ಇದನ್ನು ಪಕ್ಷದ ಸೋಲು ಗೆಲುವು ಅಂತ ಓದಬೇಡಿ. 1989ರಲ್ಲೂ 2018ರಲ್ಲೂ ನಿಯಮ ಹೆಚ್ಚು ಕಡಿಮೆ ಒಂದೇ. ಬದಲಾಗಿದ್ದು ಉತ್ತರ ಬರೋಕೆ ತಗೊಂಡ ಸಮಯ. ಒಂದು ಕಡೆ ಸುಮಾರು ಐದು ವರ್ಷ, ಇನ್ನೊಂದು ಕಡೆ ಮೂರು ದಿನ. ಮೂರು ದಿನದಲ್ಲಿ ಬಂದಿದ್ದಕ್ಕೇ ಆ ತೀರ್ಪಿನಿಂದ ಏನಾದರೂ ಆಯಿತು.

ನನ್ನ ಪಕ್ಷಪಾತ ಅನ್ನಬಾರದು ಅಂತ 2019ನ್ನೂ ಹೇಳಿಬಿಡ್ತೀನಿ. ಕುಮಾರಸ್ವಾಮಿ ಸರ್ಕಾರದ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟಾಗ ವಿಶ್ವಾಸಮತದ ಚರ್ಚೆಯನ್ನು ಜುಲೈ 18ರಿಂದ 23ರ ತನಕ ಎಳೆದವರು ಆಡಳಿತ ಪಕ್ಷದವರೇ. ರಾಜ್ಯಪಾಲರು ಮಧ್ಯಾಹ್ನ ಒಂದೂವರೆ ಒಳಗೆ ಮುಗಿಸಿ ಅಂತ ಪತ್ರ ಬರೆದರು, ಅದು ದಾಟಿತು. ಸಂಜೆಯೊಳಗೆ ಅಂತ ಇನ್ನೊಂದು ಬರೆದರು, ಅದೂ ದಾಟಿತು. ಕೊನೆಗೆ 99ಕ್ಕೆ 105 ಮತಗಳಿಂದ ಸರ್ಕಾರ ಬಿತ್ತು. ತಡ ಮಾಡೋ ಕಲೆ ರಾಜಭವನದವರಿಗೆ ಮಾತ್ರ ಗೊತ್ತು ಅಂತಿಲ್ಲ. ಸದನದಲ್ಲೇ ಎಣಿಸಿದರೂ ಎಣಿಕೆಗೆ ಬರೋ ತಲೆಗಳನ್ನೇ ಕಡಿಮೆ ಮಾಡಬಹುದು ಅನ್ನೋದನ್ನೂ ಆ ವರ್ಷ ಕಲಿಸಿತು. (ಆ ಪಲ್ಲಟದಿಂದ ಬಂದ ಸರ್ಕಾರದಲ್ಲೇ ಎರಡು ವರ್ಷದ ನಂತರ ಮುಖ್ಯಮಂತ್ರಿ ಆದವರು ಬಸವರಾಜ ಬೊಮ್ಮಾಯಿ, ಎಸ್.ಆರ್. ಬೊಮ್ಮಾಯಿಯವರ ಮಗ. ಇತಿಹಾಸ ಕೆಲವೊಮ್ಮೆ ಸಿನಿಮಾದವರಿಗಿಂತ ಧೈರ್ಯವಾಗಿ ಕಥೆ ಬರೆಯುತ್ತೆ.)

ಕೋರ್ಟು ಬೇಗ ಮಾತಾಡಿದರೆ ಏನಾಗುತ್ತೆ ಅನ್ನೋದಕ್ಕೆ 2016ರ ಉತ್ತರಾಖಂಡವನ್ನೂ ನೋಡಬಹುದು. ಅಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಿ ಎರಡು ತಿಂಗಳೊಳಗೆ ಸದನದಲ್ಲಿ ಎಣಿಕೆ ಆಯಿತು, ಹರೀಶ್ ರಾವತ್ ವಾಪಸ್ ಬಂದರು. ತಡವಾದರೆ ಏನಾಗುತ್ತೆ ಅನ್ನೋದಕ್ಕೆ ಮಹಾರಾಷ್ಟ್ರ ಇದೆ. 2022ರ ಜೂನ್‌ನಲ್ಲಿ ರಾಜ್ಯಪಾಲರು ವಿಶ್ವಾಸಮತಕ್ಕೆ ದಿನ ಗೊತ್ತು ಮಾಡಿದರು, ಸುಪ್ರೀಂ ಕೋರ್ಟ್ ತಡೆ ಕೊಡಲಿಲ್ಲ, ಉದ್ಧವ್ ಠಾಕ್ರೆ ಹಿಂದಿನ ರಾತ್ರಿಯೇ ರಾಜೀನಾಮೆ ಕೊಟ್ಟರು. 2023ರ ಮೇ 11ರಂದು ಐವರು ನ್ಯಾಯಮೂರ್ತಿಗಳು ಹೇಳಿದರು: ರಾಜ್ಯಪಾಲರು ಹಾಗೆ ಕರೆದಿದ್ದು ಸರಿಯಲ್ಲ. ಆದರೆ ಮುಖ್ಯಮಂತ್ರಿ ಸದನ ಎದುರಿಸದೆ ತಾವಾಗಿಯೇ ರಾಜೀನಾಮೆ ಕೊಟ್ಟಿರೋದ್ರಿಂದ ಹಳೇ ಸರ್ಕಾರವನ್ನು ಮತ್ತೆ ಕೂರಿಸೋಕೆ ಆಗಲ್ಲ. ಬೊಮ್ಮಾಯಿ ತೀರ್ಪು ಬಂದು 29 ವರ್ಷ ಆದಮೇಲೆ ಕೂಡ "ನೀವು ಹೇಳಿದ್ದು ಸರಿ, ಆದರೆ ಕೊಡೋಕೆ ಏನೂ ಇಲ್ಲ" ಅನ್ನೋ ಅದೇ ಉತ್ತರ. ಠಾಕ್ರೆ ರಾಜೀನಾಮೆ ಕೊಡದೆ ಸದನದಲ್ಲಿ ಸೋತಿದ್ದರೆ ಕಥೆ ಬೇರೆ ಆಗ್ತಿತ್ತೇನೋ. ಆದರೆ ನಾಳೆ ಬೆಳಿಗ್ಗೆ ಸೋಲ್ತೀನಿ ಅಂತ ಗೊತ್ತಿರೋ ಮನುಷ್ಯ ಮುಂದಿನ ವರ್ಷದ ತೀರ್ಪು ಊಹಿಸಿ ಹೆಜ್ಜೆ ಇಡಬೇಕು ಅಂದ್ರೆ ಅದು ನ್ಯಾಯವಾದ ನಿರೀಕ್ಷೆ ಅಂತ ನನಗೆ ಅನಿಸಲ್ಲ.

ಈಗ ಜಗಳ ಇನ್ನೊಂದು ಜಾಗಕ್ಕೆ ಹೋಗಿದೆ. ಸರ್ಕಾರವನ್ನು ವಜಾ ಮಾಡೋದು ಕಷ್ಟ ಆದಮೇಲೆ, ಸರ್ಕಾರ ಮಾಡಿದ ಕಾನೂನನ್ನು ಮೇಜಿನ ಮೇಲೆ ಇಟ್ಕೊಂಡು ಸುಮ್ನೆ ಕೂರೋದು ಸುಲಭದ ದಾರಿ. ವಿಧಾನಮಂಡಲ ಪಾಸ್ ಮಾಡಿದ ಮಸೂದೆ ಕಾನೂನಾಗಬೇಕಾದ್ರೆ ರಾಜ್ಯಪಾಲರ ಅಂಕಿತ ಬೇಕು. 200ನೇ ವಿಧಿ ಪ್ರಕಾರ ಅವರು ಅಂಕಿತ ಹಾಕಬಹುದು, ವಾಪಸ್ ಕಳಿಸಬಹುದು, ರಾಷ್ಟ್ರಪತಿಗೆ ಕಳಿಸಬಹುದು. ವಾಪಸ್ ಕಳಿಸಿದ್ದನ್ನು ಸದನ ಮತ್ತೆ ಪಾಸ್ ಮಾಡಿದರೆ ಅಂಕಿತ ನಿರಾಕರಿಸೋ ಹಾಗಿಲ್ಲ. ಇದೆಲ್ಲ ಎಷ್ಟು ದಿನದೊಳಗೆ ಆಗಬೇಕು? ವಾಪಸ್ ಕಳಿಸೋದಾದರೆ "ಸಾಧ್ಯವಾದಷ್ಟು ಬೇಗ" ಅಂತ ಇದೆ, ಅಷ್ಟೇ. ನಾವು ಅಸೈನ್‌ಮೆಂಟ್ ಯಾವಾಗ ಕೊಡ್ತೀಯ ಅಂದ್ರೆ ಹೇಳೋ ಉತ್ತರ ಕೂಡ ಇದೇ.

ನನಗೆ ತುಂಬಾ ಆಶ್ಚರ್ಯ ಆಗಿದ್ದು 201ನೇ ವಿಧಿ. ರಾಷ್ಟ್ರಪತಿಗೆ ಹೋದ ಮಸೂದೆಯನ್ನು ಅವರು ವಾಪಸ್ ಕಳಿಸಿದರೆ, ಸದನ ಅದನ್ನು ಆರು ತಿಂಗಳೊಳಗೆ ಮತ್ತೆ ಪರಿಶೀಲಿಸಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ಆದರೆ ಆ ಮಸೂದೆಯ ಮೇಲೆ ರಾಷ್ಟ್ರಪತಿ ಇಷ್ಟು ದಿನದೊಳಗೆ ತೀರ್ಮಾನ ಮಾಡಬೇಕು ಅಂತ ಎಲ್ಲೂ ಇಲ್ಲ. ಅಂದ್ರೆ ಜನ ಆರಿಸಿದ ಸದನಕ್ಕೆ ಡೆಡ್‌ಲೈನ್ ಇದೆ, ದೆಹಲಿಯ ಕಡೆಗೆ ಇಲ್ಲ. ಒಂದೇ ವಿಧಿಯೊಳಗೆ ಎರಡು ಅಳತೆ.

ಇದರಿಂದ ಆಗೋದೇನು ಅಂತ ತಮಿಳುನಾಡಿನ ಉದಾಹರಣೆಯಲ್ಲಿ ನೋಡಬಹುದು, ಅದೂ ನಮ್ಮಂಥವರಿಗೇ ಸಂಬಂಧಪಟ್ಟದ್ದು. ಅಲ್ಲಿ ರಾಜ್ಯಪಾಲ ಆರ್.ಎನ್. ರವಿ ಅವರ ಬಳಿ ಉಳಿದಿದ್ದ 10 ಮಸೂದೆಗಳಲ್ಲಿ ಹೆಚ್ಚಿನವು ವಿಶ್ವವಿದ್ಯಾಲಯಗಳಿಗೆ ಸೇರಿದ್ದವು, ಮುಖ್ಯವಾಗಿ ಕುಲಪತಿಗಳನ್ನು ಯಾರು ನೇಮಕ ಮಾಡಬೇಕು ಅನ್ನೋದರ ಬಗ್ಗೆ. ಅತ್ಯಂತ ಹಳೆಯದು 2020ರದ್ದು. 2023ರ ನವೆಂಬರ್‌ನಲ್ಲಿ ಅಂಕಿತ ತಡೆಹಿಡಿದರು. ಸದನ ಆ ಹತ್ತನ್ನೂ ಮತ್ತೆ ಪಾಸ್ ಮಾಡಿತು. ಆಗ ಅವರು ಹತ್ತನ್ನೂ ರಾಷ್ಟ್ರಪತಿಗೆ ಕಳಿಸಿದರು. ಯೂನಿವರ್ಸಿಟಿಯ ಮುಖ್ಯಸ್ಥರು ಯಾರು ಅನ್ನೋ ನಿಯಮವೇ ಮೂರು ನಾಲ್ಕು ವರ್ಷ ತೂಗಾಡಿದರೆ, ಒಂದು ಇಂಜಿನಿಯರಿಂಗ್ ಬ್ಯಾಚ್ ಸೇರಿ ಓದಿ ಪಾಸಾಗಿ ಹೋಗೋಷ್ಟು ಕಾಲ ಅದು.

2025ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇದು ತಪ್ಪು ಅಂದರು. ಆ ಹತ್ತು ಮಸೂದೆಗೂ ಅಂಕಿತ ಸಿಕ್ಕ ಹಾಗೆಯೇ ಲೆಕ್ಕ ಅಂದರು, ಮುಂದಕ್ಕೆ ರಾಜ್ಯಪಾಲರಿಗೂ ರಾಷ್ಟ್ರಪತಿಗೂ ತಿಂಗಳುಗಳ ಲೆಕ್ಕದಲ್ಲಿ ಕಾಲಮಿತಿ ಹಾಕಿದರು. ಓದಿದಾಗ ಖುಷಿ ಆಗಿತ್ತು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ವಿಚಾರಣೆಯಲ್ಲಿ ಕರ್ನಾಟಕವೂ ರಾಜ್ಯಗಳ ಪರ ವಾದ ಮಾಡಿತು. ನವೆಂಬರ್ 20ಕ್ಕೆ ಐವರ ಪೀಠ ಉತ್ತರ ಕೊಟ್ಟಿತು: ಸಂವಿಧಾನದಲ್ಲಿ ಇಲ್ಲದ ಕಾಲಮಿತಿಯನ್ನು ಕೋರ್ಟು ಹಾಕೋ ಹಾಗಿಲ್ಲ, ಅಂಕಿತ ಸಿಕ್ಕಿದೆ ಅಂತ ಕೋರ್ಟೇ ಭಾವಿಸಿಕೊಳ್ಳೋ ಹಾಗೂ ಇಲ್ಲ. ಕಾರಣ ಹೇಳದೆ ತುಂಬಾ ಕಾಲ ಸುಮ್ಮನೆ ಕೂತರೆ ಮಾತ್ರ, ಏನಾದರೂ ಒಂದು ತೀರ್ಮಾನ ಮಾಡಿ ಅಂತ ಕೋರ್ಟು ಹೇಳಬಹುದು. ತುಂಬಾ ಕಾಲ ಅಂದ್ರೆ ಎಷ್ಟು? ಅದು ಆಯಾ ಕೇಸಿಗೆ ಬಿಟ್ಟದ್ದು. ಅಂದ್ರೆ ಪ್ರತಿ ಸಲ ರಾಜ್ಯ ಕೋರ್ಟಿಗೆ ಹೋಗಬೇಕು, ವಕೀಲರನ್ನು ಇಡಬೇಕು, ಕ್ಯೂ ನಿಲ್ಲಬೇಕು.

ಐವರ ಪೀಠದ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಸಂವಿಧಾನದಲ್ಲಿ "ಮೂರು ತಿಂಗಳು" ಅಂತ ಬರೆದಿಲ್ಲದ ಜಾಗದಲ್ಲಿ ಇಬ್ಬರು ನ್ಯಾಯಮೂರ್ತಿಗಳು ಬರೆದರೆ, ನಾಳೆ ಬೇರೆ ಇಬ್ಬರು ನಮಗೆ ಇಷ್ಟ ಇಲ್ಲದ ಇನ್ನೇನನ್ನೋ ಬರೀಬಹುದು. ಆದರೆ ಅದೇ 2025ರ ಜುಲೈನಲ್ಲಿ, ತೆಲಂಗಾಣದಲ್ಲಿ ಪಕ್ಷ ಬದಲಿಸಿದ ಶಾಸಕರ ಅನರ್ಹತೆ ಅರ್ಜಿಗಳನ್ನು ಮೂರು ತಿಂಗಳೊಳಗೆ ತೀರ್ಮಾನ ಮಾಡಿ ಅಂತ ಇದೇ ಸುಪ್ರೀಂ ಕೋರ್ಟ್ ಅಲ್ಲಿನ ಸ್ಪೀಕರ್‌ಗೆ ಹೇಳಿತ್ತು. ಅನರ್ಹತೆ ವಿಷಯದಲ್ಲಿ ಸ್ಪೀಕರ್ ಒಂದು ನ್ಯಾಯಮಂಡಳಿಯ ಹಾಗೆ ಕೆಲಸ ಮಾಡ್ತಾರೆ, ರಾಜ್ಯಪಾಲರದ್ದು ಬೇರೆ ಸ್ಥಾನ ಅಂತ ಕಾನೂನು ಓದಿದವರು ವ್ಯತ್ಯಾಸ ತೋರಿಸ್ತಾರೆ. ಇರಬಹುದು. ಆದರೆ ಜನರ ಕಡೆಯಿಂದ ನೋಡಿದರೆ ಚುನಾಯಿತ ಸ್ಪೀಕರ್‌ಗೆ ಮೂರು ತಿಂಗಳು, ನೇಮಕ ಆಗಿ ಬಂದ ರಾಜ್ಯಪಾಲರಿಗೆ ಲೆಕ್ಕವೇ ಇಲ್ಲ ಅನ್ನೋದು ತಲೆಕೆಳಗಾದ ವ್ಯವಸ್ಥೆ ಥರ ಕಾಣುತ್ತೆ.

ಇದಕ್ಕೆ ಎದುರಾಗಿ ಸಾಮಾನ್ಯವಾಗಿ ಕೇಳಿಬರೋ ಮಾತು: ರಾಜ್ಯ ಸರ್ಕಾರಗಳು ಅವಸರದಲ್ಲಿ ಕೆಟ್ಟ ಕಾನೂನು ಮಾಡಿದರೆ ತಡೆಯೋರು ಬೇಡವಾ? ಬೇಕು. ಕಾಲಮಿತಿ ಅದನ್ನು ತಡೆಯಲ್ಲ. ಬೇಡ ಅನ್ನಿ, ಯಾಕೆ ಬೇಡ ಅಂತ ಬರೆದು ವಾಪಸ್ ಕಳಿಸಿ, ಸಂವಿಧಾನಕ್ಕೆ ವಿರುದ್ಧ ಇದ್ದರೆ ಕೋರ್ಟು ಹೊಡೆದು ಹಾಕುತ್ತೆ. ಇಲ್ಲ ಅನ್ನೋದಕ್ಕೂ ಒಂದು ಕಾರಣ, ಒಂದು ತಾರೀಖು, ಒಂದು ಸಹಿ ಇದ್ದರೆ ಅದನ್ನು ಪ್ರಶ್ನೆ ಮಾಡಬಹುದು. ಸುಮ್ಮನಿರೋದನ್ನು ಪ್ರಶ್ನೆ ಮಾಡೋಕೆ ಹಿಡಿಯೋಕೆ ಜಾಗವೇ ಇರಲ್ಲ.

ಹಾಗಾಗಿ ಈ ಕೆಲಸ ಸಂಸತ್ತೇ ಮಾಡಬೇಕು. ಕೇಂದ್ರ ರಾಜ್ಯ ಸಂಬಂಧಗಳ ಬಗ್ಗೆ ನೇಮಿಸಿದ್ದ ಪೂಂಛಿ ಆಯೋಗ 2010ರಲ್ಲೇ ರಾಜ್ಯಪಾಲರಿಗೆ ಆರು ತಿಂಗಳ ಮಿತಿ ಇರಲಿ ಅಂತ ಶಿಫಾರಸು ಮಾಡಿತ್ತು. ನನ್ನನ್ನು ಕೇಳಿದರೆ ಆರು ತಿಂಗಳೂ ಜಾಸ್ತಿ, ಎರಡು ಸಾಕು. ಕಾನೂನು ಇಲಾಖೆ ನೋಡಿ, ಸದನ ಚರ್ಚೆ ಮಾಡಿ ಬಂದ ಮಸೂದೆಯನ್ನು ಓದೋಕೆ ಅರವತ್ತು ದಿನ ಸಾಲದು ಅನ್ನೋರು ಒಂದು ಸೆಮಿಸ್ಟರ್‌ನಲ್ಲಿ ನಾವು ಎಷ್ಟು ಓದ್ತೀವಿ ಅಂತ ಬಂದು ನೋಡಲಿ. ಆದರೆ ಆರಾದರೂ ಸರಿ, ಒಂದು ಅಂಕಿ ಬರಲಿ. 201ರಲ್ಲೂ ರಾಷ್ಟ್ರಪತಿಗಳ ಕಡೆಗೆ ಅದೇ ಅಂಕಿ ಬರಲಿ. ಸರ್ಕಾರ ಉಳಿಯುತ್ತಾ ಬೀಳುತ್ತಾ ಅನ್ನೋ ಕೇಸುಗಳನ್ನು ಕೋರ್ಟು ಇಷ್ಟು ದಿನದೊಳಗೆ ಕೇಳಿ ಮುಗಿಸಬೇಕು ಅನ್ನೋ ನಿಯಮವೂ ಬರಲಿ. 2018ರ ಆ ರಾತ್ರಿ ಅದೃಷ್ಟ ಇತ್ತು, ಪ್ರತಿ ರಾಜ್ಯಕ್ಕೂ ಪ್ರತಿ ಸಲ ಅದೃಷ್ಟ ಇರಲ್ಲ.

ಇಲ್ಲೊಂದು ವಿಚಿತ್ರ ಇದೆ. 200, 201ನೇ ವಿಧಿಗಳನ್ನು ತಿದ್ದೋಕೆ ರಾಜ್ಯಗಳ ಒಪ್ಪಿಗೆ ಬೇಕಾಗಿಲ್ಲ, ಸಂಸತ್ತಿನ ಎರಡೂ ಸದನದಲ್ಲಿ ವಿಶೇಷ ಬಹುಮತ ಸಾಕು. ಕೇಳೋಕೆ ಸುಲಭ. ಆದರೆ ಸಂವಿಧಾನ ತಿದ್ದುಪಡಿ ಮಸೂದೆಯನ್ನು ಮಂಡಿಸೋ ಅಧಿಕಾರ ಯಾವ ವಿಧಾನಸಭೆಗೂ ಇಲ್ಲ, ಅದು ಸಂಸತ್ತಿನಲ್ಲೇ ಹುಟ್ಟಬೇಕು. ಗಡಿಯಾರ ಬೇಕಾಗಿರೋದು ಬೆಂಗಳೂರಿಗೆ, ಚೆನ್ನೈಗೆ, ತಿರುವನಂತಪುರಕ್ಕೆ, ಕಟ್ಟೋ ಅಧಿಕಾರ ಇರೋದು ದೆಹಲಿಗೆ. ದೆಹಲಿಯಲ್ಲಿ ಯಾವ ಪಕ್ಷ ಕೂತರೂ ರಾಜ್ಯಪಾಲರು ಅವರು ಕಳಿಸಿದವರೇ ಆಗಿರ್ತಾರೆ, ಅದಕ್ಕೇ ವಿರೋಧ ಪಕ್ಷದಲ್ಲಿದ್ದಾಗ ಇದರ ಬಗ್ಗೆ ಜೋರಾಗಿ ಮಾತಾಡಿದವರು ಅಧಿಕಾರಕ್ಕೆ ಬಂದಮೇಲೆ ಮೆತ್ತಗಾಗ್ತಾರೆ. ಎಲ್ಲ ಪಕ್ಷದವರೂ, ಒಬ್ಬರನ್ನೂ ಬಿಟ್ಟಿಲ್ಲ.

ಹಾಗಂತ ದಾರಿಯೇ ಇಲ್ಲ ಅಂತಿಲ್ಲ. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಜನ ಹೋಗ್ತಾರೆ. ಈ 40 ಜನರಲ್ಲಿ ಮಂತ್ರಿ ಅಲ್ಲದ ಯಾರು ಬೇಕಾದರೂ ಖಾಸಗಿ ಸದಸ್ಯರ ಮಸೂದೆ ಅಂತ ಇದನ್ನು ಮಂಡಿಸಬಹುದು. ಪಾಸಾಗೋದು ಕಷ್ಟ, ಒಪ್ತೀನಿ, ಆದರೆ ಯಾರು ಪರ ಯಾರು ವಿರೋಧ ಅನ್ನೋದು ಚರ್ಚೆಯಲ್ಲಿ ದಾಖಲಾಗುತ್ತೆ. 2024ರಲ್ಲಿ ನಮ್ಮ ಬ್ಯಾಚಿನ ಹೆಚ್ಚಿನವರಿಗೆ 18 ತುಂಬಿರಲಿಲ್ಲ, ಲೋಕಸಭೆಗೆ ನಮ್ಮ ಮೊದಲ ವೋಟು 2029ರಲ್ಲಿ. ಅವತ್ತು ಹಾಸ್ಟೆಲ್ ಗೇಟಿನ ಹತ್ತಿರ ಪಾಂಪ್ಲೆಟ್ ಹಿಡ್ಕೊಂಡು ಬರೋ ಅಭ್ಯರ್ಥಿಗೆ ಮೆಟ್ರೋ ಯಾವಾಗ, ಕೆಲಸ ಎಲ್ಲಿ ಅಂತ ಕೇಳೋದರ ಜೊತೆ ಇದನ್ನೂ ಕೇಳಿ: ಸಾರ್, 200ನೇ ವಿಧಿಗೆ ತಾರೀಖು ಹಾಕಿಸ್ತೀರಾ? ಎಷ್ಟು ದಿನ?